ಕರ್ತನ ಮೇಜಿಗೆ ಮುಂಚಿನ ಶನಿವಾರ

ದೊಡ್ಡೇರಿ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ಲಿನ ಮೋಟ್ರು ಸುಟ್ಟುಹೋದರೆ ಜನ ಮೊದಲು ನೆನೆಯುವುದು ಓಬಳೇಶನನ್ನು. ನೆನೆದ ಮೇಲೆ, ಫೋನು ಮಾಡುವುದಕ್ಕೆ ಮುಂಚೆ, ಒಂದು ಗಳಿಗೆ ಯೋಚನೆಯನ್ನೂ ಮಾಡುತ್ತಾರೆ. ಕಬ್ಬಿಣದ ಮುಕ್ಕಾಲಿ ನಿಲ್ಲಿಸಿ, ಚೈನು ಬಿಗಿದು, ನೆಲದೊಳಗೆ ಇಳಿಬಿಟ್ಟ ಮೋಟ್ರನ್ನು ಪೈಪಿನ ಸಮೇತ ಎತ್ತಿ ಮೇಲಿಡುವುದರಲ್ಲಿ ಅವನ ಕೈ ಎಷ್ಟು ಚೊಕ್ಕವೋ ಬಾಯಿ ಅಷ್ಟೇ ಕೊಳಕು. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ಒಂದು ಸಲಹೆ ಕೊಟ್ಟರೆ ಮುಗಿಯಿತು. ಸಲಹೆ ಕೊಟ್ಟವನ ಮುತ್ತಾತನವರೆಗೂ ಹೋಗಿ ಬರುತ್ತಿದ್ದ.

ಹುಟ್ಟಿದ್ದೇ ಹಾಗೆ. ನಾಲ್ಕನೇ ಕ್ಲಾಸಿನಲ್ಲಿ ತಾನು ಮಾಡದ ತಪ್ಪಿಗೆ ಮೇಷ್ಟ್ರು ಬೆತ್ತ ಎತ್ತಿದರೆಂದು ಸ್ಲೇಟನ್ನು ಅವರ ಕಾಲ ಮೇಲೆ ಹಾಕಿ ಮನೆಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವನ ಅಪ್ಪನ ಕಾಲಕ್ಕೇ ಮನೆ ಯೇಸುವಿನ ಕಡೆ ಬಂದಿತ್ತು. ದೀಕ್ಷಾಸ್ನಾನದಲ್ಲಿ ಪಾಸ್ಟರು ಅವನಿಗೆ ದೇವಸಹಾಯ ಅಂತ ಹೆಸರಿಟ್ಟರು. ಆ ಹೆಸರಿನಲ್ಲಿ ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲವಾದ್ದರಿಂದ ಸಭೆಯಲ್ಲೂ ಓಬಳೇಶನೇ ಆಗಿ ಉಳಿದ.

ಹೆಂಡತಿ ಸುವಾರ್ತಮ್ಮ ವೈ.ಎನ್.ಹೊಸಕೋಟೆ ಕಡೆಯವಳು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಗಂಡ ಕೂಗಾಡಿದಾಗಲೆಲ್ಲ "ಪೋನೀ ಬುಡಯ್ಯ" ಅನ್ನುವಳು. ಹೋಗಲಿ ಬಿಡು ಅಂತ. ಅಷ್ಟು ಅಂದು ತನ್ನ ಕೆಲಸಕ್ಕೆ ಎದ್ದು ಹೋಗುವಳು. ಗೋಡೆಗೆ ಬೈದ ಹಾಗಾಗಿ ಇವನೂ ಸುಮ್ಮನಾಗುತ್ತಿದ್ದ.

ಸಭೆ ಅಂದರೆ ದೊಡ್ಡ ಕಟ್ಟಡವೇನಲ್ಲ. ಕಾಲೋನಿಯ ಕೊನೆಗೆ ಶೀಟು ಹೊದಿಸಿದ ಒಂದು ಕೋಣೆ. ಸುಣ್ಣದ ಗೋಡೆ, ನೀಲಿ ಬಾಗಿಲು, ಮುದುಕರಿಗೆ ಪ್ಲಾಸ್ಟಿಕ್ ಕುರ್ಚಿ, ಉಳಿದವರಿಗೆ ಚಾಪೆ. ತಿಂಗಳ ಮೊದಲ ಭಾನುವಾರ ಕರ್ತನ ಮೇಜು. ಅಂದರೆ ರೊಟ್ಟಿ ಮುರಿದು, ದ್ರಾಕ್ಷಾರಸ ಕುಡಿದು, ಯೇಸುವಿನ ಮರಣವನ್ನು ನೆನೆಯುವುದು. ಅಂಗಡಿಯ ವೈನು ಆ ಸಭೆಗೆ ಆಗದು. ಹಿಂದಿನ ದಿನ ಕಪ್ಪು ಒಣದ್ರಾಕ್ಷಿ ನೆನೆಸಿ, ಕುದಿಸಿ, ಹಿಚುಕಿ, ಬಿಳೀ ಬಟ್ಟೆಯಲ್ಲಿ ಸೋಸಿ ರಸ ಮಾಡುವುದು ವಾಡಿಕೆ. ಆ ಕೆಲಸ ಸುವಾರ್ತಮ್ಮನದು. ಅದಕ್ಕೆಂದೇ ಒಂದು ಅಲ್ಯೂಮಿನಿಯಂ ಡಬರಿ ಇತ್ತು. ಬೇರೆ ಯಾವ ಅಡಿಗೆಯೂ ಅದರಲ್ಲಿ ಆಗುತ್ತಿರಲಿಲ್ಲ.

ಇನ್ನೊಂದು ವಾಡಿಕೆಯೂ ಇತ್ತು. ಹಿಂದೆ ಯಾವುದೋ ಕಾಲದಲ್ಲಿ ಸಭೆಯ ಎರಡು ಮನೆಯವರು ಬಚ್ಚಲು ನೀರಿಗೆ ಜಗಳವಾಡಿ, ಒಬ್ಬರು ಮಾಡಿದ ರಸವನ್ನು ಇನ್ನೊಬ್ಬರು ಮುಟ್ಟದೆ ಎದ್ದು ಹೋದರಂತೆ. ಆಗಿನ ಹಿರಿಯ ಪಾಸ್ಟರು ಅಂದಿನಿಂದ ಒಂದು ಕಟ್ಟುಪಾಡು ಮಾಡಿದರು. ಭಾನುವಾರ ಬೆಳಗ್ಗೆ ರಸದ ಡಬರಿ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಪಾಸ್ಟರು ಕೇಳಬೇಕು. ನಿನಗೆ ಯಾರ ಮೇಲಾದರೂ ಏನಾದರೂ ಉಂಟೋ? ನಿನ್ನ ಮೇಲೆ ಯಾರಿಗಾದರೂ ಏನಾದರೂ ಉಂಟೋ? ಇಲ್ಲ ಅಂದರೆ ಒಳಗೆ ಬರಬೇಕು. ಉಂಟು ಅಂದರೆ ಡಬರಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅದು ಸರಿಹೋಗುವವರೆಗೆ ಆ ಕೆಲಸ ಬಿಡಬೇಕು. ಉಂಟು ಅಂದವರನ್ನು ಯಾರೂ ಕಂಡಿರಲಿಲ್ಲ. ಪಾಸ್ಟರು ಕೇಳುವುದು, ತಂದವರು ಇಲ್ಲ ಅನ್ನುವುದು, ಚಪ್ಪಲಿ ಬಿಟ್ಟು ಒಳಗೆ ಬಂದಷ್ಟೇ ಸಲೀಸಾಗಿ ನಡೆದುಹೋಗುತ್ತಿತ್ತು.

ಹೋದ ವರ್ಷ ಮಳೆ ಮುಗಿಯುವ ಹೊತ್ತಿಗೆ ಸುವಾರ್ತಮ್ಮನಿಗೆ ಜ್ವರ ಬಂತು. ಮಧುಗಿರಿಯಿಂದ ತುಮಕೂರಿಗೆ ಕರೆದುಕೊಂಡು ಹೋಗುವಾಗ, ಕೊರಟಗೆರೆ ದಾಟುವುದರೊಳಗೆ, ಆಂಬುಲೆನ್ಸಿನಲ್ಲೇ ಉಸಿರು ನಿಂತಿತು.

ಓಬಳೇಶ ಅಳಲಿಲ್ಲ. ಶಿರಾದಿಂದ ಬಂದ ಮಗಳು ಶಶಿರೇಖಾ ಅಪ್ಪನ ಭುಜ ಹಿಡಿದು ಅಲ್ಲಾಡಿಸಿ, "ಒಂದ್ಸಾರಿ ಅತ್ತುಬುಡಪ್ಪಾ, ಎದೆ ಒಡ್ಕಂಬುಡ್ತದೆ" ಅಂದಳು. ಅವನು ಹೆಣ ಇಳಿಸುವ ಗುಂಡಿಯನ್ನು ನೋಡಿ, ಪಕ್ಕದ ಮಣ್ಣು ಕುಸಿಯುತ್ತದೆ, ಇನ್ನೊಂದು ಸ್ವಲ್ಪ ಅಗಲ ಮಾಡಿ ಅಂದ. ಮಣ್ಣು ಹಾಕಿದ ಮೇಲೆ ಎಲ್ಲರಿಗೂ ಕೈ ಮುಗಿದ. ಮನೆಗೆ ಬಂದು, ಕೊಟ್ಟ ಅನ್ನ ತಿಂದ. ಒಳಗೆ ಏನಾದರೂ ಇದೆಯೋ ಎಂದು ತಡಕಿ ನೋಡಿಕೊಂಡ. ಬತ್ತಿದ ಬೋರಿಗೆ ಕಲ್ಲು ಹಾಕಿ ಕಿವಿಗೊಟ್ಟು ನಿಂತ ಹಾಗಾಯಿತು. ಸದ್ದೇ ಇಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಅಷ್ಟೇ. ಸಿಟ್ಟು ಮಾತ್ರ ಮೊದಲಿನ ಹಾಗೆಯೇ ಬರುತ್ತಿತ್ತು. ಬಂದು ಹೋದ ಮೇಲೆ ಅದೂ ತನ್ನದಲ್ಲ ಅನ್ನಿಸುತ್ತಿತ್ತು.

ಮುಂದಿನ ತಿಂಗಳು ಸಭೆಯ ಗಂಗಲಕ್ಷ್ಮಿ ಡಬರಿ ಕೇಳಿಕೊಂಡು ಮನೆಗೆ ಬಂದಳು. ಸುವಾರ್ತಮ್ಮನ ಜೊತೆಗಾತಿ ಅವಳು.

"ಕೊಡಣ್ಣ, ಇನ್ಮೇಲೆ ನಾನೇ ಮಾಡ್ತೀನಿ."

"ಯಾಕೆ? ನಂಗೇನ್ ಕೈ ಇಲ್ವಾ?"

"ಗಂಡಸ್ರು ಮಾಡೋ ಕೆಲ್ಸ ಅಲ್ಲ ಕಣಣ್ಣ ಅದು."

"ನೆಲದಾಗಿಂದ ಮೋಟ್ರು ಎತ್ತೋನ್ಗೆ ದ್ರಾಕ್ಷಿ ಹಿಚುಕಾಕೆ ಬರಾಕಿಲ್ವಾ? ಹೋಗಮ್ಮ."

ಅವಳು ಹೋದಳು. ಡಬರಿ ಯಾಕೆ ಕೊಡಲಿಲ್ಲ ಎಂದು ಅವನಿಗೇ ತಿಳಿಯಲಿಲ್ಲ. ಸುವಾರ್ತಮ್ಮನ ಸೀರೆಗಳನ್ನು ಮಗಳು ಒಯ್ದಿದ್ದಳು. ಅವಳು ಸಾಕಿದ್ದ ಕುರಿ ಮಾರಿಯಾಗಿತ್ತು. ಅವಳು ಮಾಡುತ್ತಿದ್ದ ಕೆಲಸ ಅಂತ ಮನೆಯಲ್ಲಿ ಉಳಿದದ್ದು ಇದೊಂದೇ. ಇದೂ ಹೋದರೆ ಅವಳದು ಅಂತ ಮಾಡುವುದಕ್ಕೆ ಏನೂ ಇರುವುದಿಲ್ಲ. ಅಷ್ಟು ಮಾತ್ರ ಗೊತ್ತಿತ್ತು.

ಮೊದಲ ಸಲ ರಸ ಕೆಟ್ಟಿತು. ಡಬರಿ ಸರಿಯಾಗಿಯೇ ಇತ್ತು. ಸೌಟನ್ನು ಮಾತ್ರ ಎದುರಿಗೆ ಸಿಕ್ಕಿದ್ದನ್ನು ಹಾಕಿದ. ಅದು ಹಿಂದಿನ ದಿನ ಮೀನು ಸಾರು ಬಡಿಸಿದ ಸೌಟು. ಭಾನುವಾರ ಮುದುಕರೆಲ್ಲ ಕಣ್ಣು ಮುಚ್ಚಿ, ಭಕ್ತಿಯಿಂದ ಗುಟುಕರಿಸಿ, ಕಣ್ಣು ಬಿಟ್ಟರು. ಕೊರಟಗೆರೆಯಿಂದ ಬೈಕಿನಲ್ಲಿ ಬರುವ, ಹುಡುಗ ವಯಸ್ಸಿನ ಪಾಸ್ಟರು ಕಿರಣ್‌ಕುಮಾರ್ ನುಂಗಿಬಿಟ್ಟು ಹಾಡು ಎತ್ತಿದರು. ಹೊರಗೆ ಬಂದ ಮೇಲೆ ಗಂಗಲಕ್ಷ್ಮಿ, "ಅಣ್ಣಾ, ಇವತ್ತು ಕರ್ತನ ಮೇಜಿನ ಮ್ಯಾಲೆ ರೊಟ್ಟಿ ಜೊತೆ ಮೀನೂ ಇತ್ತಲ್ಲ" ಅಂದಳು. ಅವನು ರೇಗಿದ. ಮರುದಿನ ಮಧುಗಿರಿಗೆ ಹೋಗಿ ಹೊಸ ಸೌಟು ತಂದು ಡಬರಿಯ ಜೊತೆ ಗಂಟು ಕಟ್ಟಿಟ್ಟ. ಆಮೇಲಿನ ತಿಂಗಳುಗಳಲ್ಲಿ ರಸ ಚೆನ್ನಾಗಿಯೇ ಆಯಿತು. ಬಾಗಿಲಲ್ಲಿ ಪಾಸ್ಟರು ಕೇಳಿದಾಗ ಅವನೂ ಎಲ್ಲರ ಹಾಗೆ "ಇಲ್ಲ" ಅಂದು ಒಳಗೆ ಹೋದ.

ಹುಣಸೆಹಣ್ಣಿನ ಕಾಲ ಬಂತು. ಮೇಜಿನ ಭಾನುವಾರಕ್ಕೆ ಮುಂಚಿನ ಗುರುವಾರ ಪಕ್ಕದ ಹಳ್ಳಿಯ ಕಾಡಸಿದ್ದಪ್ಪ ಮೋಟ್ರು ಎತ್ತಲು ಕರೆದ. ಕಾಡಸಿದ್ದಪ್ಪ ಆಸ್ತಿ ಇದ್ದವನು, ಊರಲ್ಲಿ ಮರ್ಯಾದಸ್ಥ. ಅವನ ಮೋಟ್ರಿಗೆ ಕಟ್ಟಿದ್ದ ನೈಲಾನ್ ಹಗ್ಗ ಹಳೆಯದಾಗಿದೆ, ಹೊಸದು ತರಿಸಿ ಎಂದು ಓಬಳೇಶ ಹಿಂದಿನ ಸಲವೇ ಹೇಳಿದ್ದ. ತರಿಸಿರಲಿಲ್ಲ. ಅರ್ಧ ಪೈಪು ಮೇಲೆ ಬಂದಿರಬೇಕು, ತಿರುಪು ಸವೆದ ಒಂದು ಪೈಪು ಜಾರಿತು. ಭಾರವೆಲ್ಲ ಹಗ್ಗದ ಮೇಲೆ ಬಿತ್ತು. ಹಗ್ಗ ಪಟ್ಟನೆ ಹರಿದು, ಮೋಟ್ರು ಪೈಪಿನ ಸಮೇತ ಪಾತಾಳಕ್ಕೆ ಹೋಯಿತು.

"ಪೈಪಿನ ಕ್ಲಾಂಪು ನೆಟ್ಟಗೆ ಬಿಗ್ದಿಲ್ಲ ನೀನು" ಅಂದ ಕಾಡಸಿದ್ದಪ್ಪ.

"ಹಗ್ಗ ತರ್ಸು ಅಂತ ಬಡ್ಕಂಡೆ. ತರ್ಸಿದ್ಯಾ?"

"ಕೆಲ್ಸ ಬರ್ದಿದ್ರೆ ಬರಾಕಿಲ್ಲ ಅನ್ನು. ಹಗ್ಗದ ಮ್ಯಾಲ್ ಯಾಕ್ ಹಾಕ್ತೀಯ?"

ಸುತ್ತ ಹುಣಸೆಹಣ್ಣು ಬಡಿಯಲು ಬಂದ ಆಳುಗಳು ನಿಂತಿದ್ದರು. ಓಬಳೇಶನ ತಲೆಗೆ ರಕ್ತ ಏರಿತು. "ನಿಮ್ಮವ್ವ ನಿನ್ನ ಹಡಿಯೋ ಬದ್ಲು ಒಂದು ಬೀಸೋಕಲ್ಲು ಹಡೆದಿದ್ರೆ ರಾಗಿ ಬೀಸಾಕಾದ್ರೂ ಬರೋದು" ಅಂದುಬಿಟ್ಟ.

ಆಳುಗಳು ಗೊಳ್ಳೆಂದರು. ಒಬ್ಬನಂತೂ ನಗುತ್ತ ನೆಲಕ್ಕೆ ಕೂತ. ಕಾಡಸಿದ್ದಪ್ಪನ ಮುಖ ಬೂದಿಯಂತಾಯಿತು. ಓಬಳೇಶ ಮುಕ್ಕಾಲಿ ಬಿಚ್ಚಿ, ಚೈನು ಸುತ್ತಿ ಆಟೋಗೆ ಹಾಕಿಕೊಂಡು, ಮೋಟ್ರನ್ನು ಬಿದ್ದಲ್ಲೇ ಬಿಟ್ಟು ಬಂದ. ಅವನ ಮಟ್ಟಿಗೆ ವಿಷಯ ಅಲ್ಲಿಗೇ ಮುಗಿಯಿತು. ಶುಕ್ರವಾರ ಬೇರೆ ಕಡೆ ಕೆಲಸ ಮಾಡಿದ.

ಶನಿವಾರ ಮಧುಗಿರಿಯಲ್ಲಿ ಒಣದ್ರಾಕ್ಷಿ ತೆಗೆದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತ ನಿಂತಾಗ, ಜೊತೆಗಿದ್ದ ದೊಡ್ಡಹನುಮಯ್ಯ ಮಾತು ತೆಗೆದ. ಅವನು ಓಬಳೇಶನಿಗಿಂತ ಹಿರಿಯ, ಎಷ್ಟೋ ವರ್ಷದಿಂದ ಚೈನು ಎಳೆಯುವವನು. ಸಭೆಯವನಲ್ಲ. ಹನುಮಂತರಾಯನ ಒಕ್ಕಲು. ಓಬಳೇಶನ ಬೈಗುಳಕ್ಕೆ ಹೆದರದವನು ಅವನೊಬ್ಬನೇ.

"ಕಾಡಸಿದ್ದಪ್ಪನ ಮನೆ ತಾವ್ಕೆ ಹೋಗಿದ್ಯಾ?"

"ನಾನ್ಯಾಕ್ಲಾ ಹೋಗ್ಲಿ?"

"ಊರ್ನಾಗೆ ಎಲ್ರೂ ಬೀಸೋಕಲ್ಲು ಬೀಸೋಕಲ್ಲು ಅಂತ ಕರೀತಾವ್ರಂತೆ ಕಣ್ಲಾ. ಹಾಲಿನ ಡೈರಿ ತಾವ, ಬೀಸೋಕಲ್ಲು ಬಂತು, ದಾರಿ ಬುಡ್ರಿ ಅಂದ್ರಂತೆ. ಆವಯ್ಯ ಹಾಲಿನ ಕ್ಯಾನು ಅಲ್ಲೇ ಇಟ್ಬುಟ್ಟು ಮನೆಗೆ ಹೋಗವ್ನೆ. ಆವಾಗಿಂದ ಆಚಿಕೆ ಬಂದಿಲ್ವಂತೆ."

ಓಬಳೇಶ ಟೀ ಊದಿಕೊಂಡ. "ಬರ್ತಾನೆ ಬುಡು. ಹೊಟ್ಟೆ ಹಸಿದ್ರೆ ಬರ್ತಾನೆ."

"ಸುವಾರ್ತಕ್ಕ ಇದ್ದಿದ್ರೆ ಇಷ್ಟೊತ್ಗೆ ಹೋಗಿ ಬಂದಿರೋಳು."

"ಎಲ್ಲಿಗೆ?"

ದೊಡ್ಡಹನುಮಯ್ಯ ಗ್ಲಾಸು ಕೆಳಗಿಟ್ಟು ಅವನ ಮುಖ ನೋಡಿದ. "ನಿಂಗೆ ಗೊತ್ತಿಲ್ವೇನ್ಲಾ? ದಿಟ್ವಾಗ್ಲೂ ಗೊತ್ತಿಲ್ವಾ?"

"ಏನು? ಬೊಗಳು."

"ತಿಂಗಳಿಗೊಂದು ಶನಿವಾರ, ನೀನು ಇಂಗೆ ದ್ರಾಕ್ಷಿ ತರಾಕೆ ಮಧುಗಿರಿಗೆ ಬಂದಾಗ, ಆಯಮ್ಮ ನನ್ ಟಿವಿಎಸ್‌ನಾಗೆ ಕುಂತ್ಕಂಡು ಹೊರಡೋಳು. ಆ ತಿಂಗ್ಳು ನೀನು ಯಾರ್‍ಯಾರ್ನ ಬೈದಿದ್ಯೋ ಅವ್ರ ಮನೇಗೆ. 'ಹನುಮಣ್ಣ, ಈ ಸಾರಿ ಎಲ್ಲೆಲ್ಲಿ ಒಡೆದವ್ನೆ ಯೋಳು' ಅನ್ನೋಳು. ನಮ್ಮೋರ ಬಾಯಿ ಕೆಟ್ಟದ್ದು, ಮನ್ಸಿಗೆ ಹಾಕ್ಕಬ್ಯಾಡಿ ಅಂತ ಎಲ್ರಿಗೂ ಯೋಳಿ ಬರೋಳು. ಒಂದೊಂದ್ ತಿಂಗ್ಳು ಪೆಟ್ರೋಲ್ ಸಾಕಾಗ್ತಿರ್ಲಿಲ್ಲ ಕಣೋ."

"ನನ್ ಹೆಂಡ್ತಿ ಕಂಡೋರ್ ಕಾಲು ಹಿಡ್ಕಂಡು ಬರ್ತಿದ್ಲಾ?" ಓಬಳೇಶನ ದನಿ ಟೀ ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಏರಿತು. "ನೀನು ಕರ್ಕಂಡು ಹೋಗ್ತಿದ್ಯಾ? ನಂಗೊಂದು ಮಾತು ಯೋಳಾಕೆ ಏನಾಗಿತ್ಲಾ ನಿಂಗೆ?"

"ಯೋಳಿದ್ರೆ ನೀನು ಬಿಡ್ತಿದ್ಯಾ? 'ಬಾಗ್ಲಾಗೆ ಪಾಸ್ಟ್ರು ಕೇಳ್ತಾರೆ ಹನುಮಣ್ಣ, ಸುಳ್ಳು ಯೋಳ್ಬಾರ್ದಲ್ಲ' ಅನ್ನೋಳು. 'ನಿಮ್ ಪಾಸ್ಟ್ರು ಕೇಳೋದು ನಿನ್ನ, ಬೈದಿರೋನು ಅವ್ನು, ನಿಂಗೇನಕ್ಕ?' ಅಂದ್ರೆ, 'ಮನೆ ಒಂದೇ ಅಲ್ವಾ' ಅನ್ನೋಳು. 'ದೊಡ್ಡದು ನಮ್ ಕೈಲಾಗಲ್ಲ, ಚಿಕ್ಕದ್ನಾದ್ರೂ ನೆಟ್ಟಗೆ ಮಾಡಾಣ' ಅನ್ನೋಳು."

ಎಷ್ಟು ಬೈದರೂ ಜನ ತನ್ನನ್ನೇ ಕರೆಯುವುದು ತನ್ನ ಕೈಗುಣಕ್ಕೆ ಎಂದು ಓಬಳೇಶ ಇಷ್ಟು ವರ್ಷ ನಂಬಿದ್ದ. ಅದನ್ನು ಹೇಳಿಕೊಂಡು ಮೆರೆದಿದ್ದ ಕೂಡ. ಈಗ ನಾಚಿಕೆ ಆಗಬೇಕಾಗಿತ್ತು. ಇಲ್ಲವೇ ಅಳು ಬರಬೇಕಾಗಿತ್ತು. ಎರಡೂ ಬರಲಿಲ್ಲ. ಕೈಯಲ್ಲಿ ದ್ರಾಕ್ಷಿಯ ಪೊಟ್ಟಣ ಮಾತ್ರ ಇತ್ತು. ಅದನ್ನು ನೋಡಿದ. ನಾಳೆ ಬಾಗಿಲಲ್ಲಿ ಕೇಳುತ್ತಾರೆ. ನಿನ್ನ ಮೇಲೆ ಯಾರಿಗಾದರೂ ಏನಾದರೂ ಉಂಟೋ?

"ಅವ್ನೇನು ನಿಮ್ ಸಭೆಯೋನಾ? ಇಲ್ಲ ಅಂದ್ಬುಡು. ಯಾರ್ ನೋಡ್ತಾರೆ" ಅಂದ ದೊಡ್ಡಹನುಮಯ್ಯ.

"ಟಿವಿಎಸ್ ತೆಗಿ" ಅಂದ ಓಬಳೇಶ.

ಕಾಡಸಿದ್ದಪ್ಪನ ಮನೆ ಮುಂದೆ ಹುಣಸೆಹಣ್ಣಿನ ರಾಶಿ ಬಿದ್ದಿತ್ತು. ಅವನ ತಾಯಿ ಬಸವಮ್ಮ ಜಗುಲಿಯಲ್ಲಿ ಕೂತು, ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಕುಟ್ಟಿ, ಬೀಜ ಒಂದು ಕಡೆ ನಾರು ಒಂದು ಕಡೆ ಮಾಡುತ್ತಿದ್ದಳು. ಎಂಬತ್ತರ ಆಸುಪಾಸಿನ ಮುದುಕಿ. ಕಿವಿ ಪೂರ್ತಿ ಮಂದ. ಕಾಡಸಿದ್ದಪ್ಪ ಒಳಗಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತ.

"ಯಾಕ್ ಬಂದೆ?"

ದಾರಿಯುದ್ದಕ್ಕೂ ಓಬಳೇಶ ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಇಷ್ಟೇ: "ಹಗ್ಗ ಹಳೇದೇ. ಅದು ಬ್ಯಾರೆ ಮಾತು. ನಾನು ಅಂದಿದ್ದು ತಪ್ಪು."

"ತಪ್ಪು ಅನ್ನಾಕೆ ಬಂದ್ಯೋ ಹಗ್ಗ ಹಳೇದು ಅನ್ನಾಕೆ ಬಂದ್ಯೋ?"

ಹಿಂದೆ ದೊಡ್ಡಹನುಮಯ್ಯ ಕೆಮ್ಮಿದ. ಓಬಳೇಶ ಹಲ್ಲು ಕಚ್ಚಿಕೊಂಡು, "ತಪ್ಪು ಅನ್ನಾಕೆ" ಅಂದ.

"ನನ್ನ ಕೇಳ್ಬ್ಯಾಡ. ನೀನು ಅಂದಿದ್ದು ನಮ್ಮವ್ವನ್ನ. ಅಲ್ಲಿ ಕುಂತವ್ಳೆ. ಏನಂದೆ ಅಂತ ಅವಳ್ಗೆ ಯೋಳಿ, ಅವಳ್ನ ಕೇಳು."

ಓಬಳೇಶ ಜಗುಲಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. "ಅಜ್ಜೀ, ತಪ್ಪಾಯ್ತು."

"ಆಂ? ಉಪ್ಪು ಬೇಕಾ? ಒಳಗೈತೆ, ಇಸ್ಕೊ."

"ತಪ್ಪು! ತಪ್ಪಾಯ್ತು! ನಿನ್ನ ಒಂದ್ ಮಾತಂದೆ!"

"ಏನಂದೆ?"

ಅವನು ಮೆಲ್ಲಗೆ ಹೇಳಿದ. ಕೇಳಿಸಲಿಲ್ಲ. ಇನ್ನೊಂದು ಸ್ವಲ್ಪ ಜೋರಾಗಿ ಹೇಳಿದ. ಅದೂ ಕೇಳಿಸಲಿಲ್ಲ. ಕೊನೆಗೆ ಮುಕ್ಕಾಲಿ ಮೇಲಿಂದ ಆಳುಗಳಿಗೆ ಕೂಗುವ ದನಿಯಲ್ಲೇ ಕೂಗಬೇಕಾಯಿತು. "ನೀನು ಮಗನ್ನ ಹಡಿಯೋ ಬದ್ಲು ಬೀಸೋಕಲ್ಲು ಹಡೆದಿದ್ರೆ ಚೆಂದಾಗಿತ್ತು ಅಂದೆ!"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಎದುರುಮನೆಯ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಕಾಡಸಿದ್ದಪ್ಪ ಹಣೆಗೆ ಕೈ ಇಟ್ಟುಕೊಂಡ. ಮುಚ್ಚಿಕೊಳ್ಳುತ್ತಿದ್ದ ಗಾಯವನ್ನು ಈ ಮನುಷ್ಯ ಔಷಧಿ ಹಚ್ಚುತ್ತೇನೆಂದು ಬಂದು ಮತ್ತೆ ಕೆರೆದುಬಿಟ್ಟಿದ್ದ.

ಬಸವಮ್ಮ ಸುತ್ತಿಗೆ ನಿಲ್ಲಿಸಿ ಯೋಚಿಸಿದಳು. "ಬೀಸೋಕಲ್ಲಾ? ಹಡೆದಿದ್ರೆ ಬಾಣಂತಿ ಖರ್ಚು ಉಳಿಯೋದು ಕಣಪ್ಪ. ನಮ್ಮತ್ತೆ ಇದ್ಕಿಂತ ಜೋರಾಗಿ ಬೈಯೋಳು. ಇದ್ಕೆ ಬಂದ್ಯಾ ಅಷ್ಟು ದೂರ್ದಿಂದ?"

"ಊಂ."

"ನೀನು ಸುವಾರ್ತಿ ಗಂಡ ಅಲ್ವಾ? ಹೋಗ್ಬುಟ್ಳು ಪಾಪ. ಅವ್ಳು ಬಂದ್ರೆ ಇಷ್ಟೊಂದು ಕೂಗ್ತಿರ್ಲಿಲ್ಲ. ಸುಮ್ಕೆ ಕುಂತ್ಕಂಡು ಕೈಗೆ ಸಿಕ್ಕಿದ್ ಕೆಲ್ಸ ಮಾಡೋಳು. ಹುಣಿಸೆಣ್ಣಿದ್ರೆ ಹುಣಿಸೆಣ್ಣು, ಕಳ್ಳೇಕಾಯಿದ್ರೆ ಕಳ್ಳೇಕಾಯಿ. ಏಳೋ ಹೊತ್ನಾಗೆ, ಬರ್ತೀನಮ್ಮ, ಮನ್ಸಿನಾಗೆ ಇಟ್ಕಬ್ಯಾಡಿ ಅನ್ನೋಳು. ಇನ್ನೊಂದು ಸುತ್ತಿಗೆ ಅಲ್ಲೈತೆ ನೋಡು."

ಅವನು ಸುತ್ತಿಗೆ ತೆಗೆದುಕೊಂಡ. ಹುಣಸೆಹಣ್ಣು ಕುಟ್ಟತೊಡಗಿದ. ಒಂದೇ ಏಟಿಗೆ ಬೀಜ ಸಿಡಿದು ಮುಖಕ್ಕೆ ಬಡಿಯಿತು. ಮುದುಕಿ, ಮೆಲ್ಲಗೆ ಮೆಲ್ಲಗೆ ಅಂದಳು. ಇದೇ ಕಲ್ಲಿನ ಮುಂದೆ ಸುವಾರ್ತಮ್ಮ ಕೂತಿರಬೇಕು. ಹಾಗೆಂದು ನೆನೆಸಿಕೊಂಡು ನೋಡಿದ. ಕೈ ಕುಟ್ಟುತ್ತಿತ್ತು. ಎದೆಯಲ್ಲಿ ಏನೂ ಅಲ್ಲಾಡಲಿಲ್ಲ. ಬುಟ್ಟಿ ತುಂಬಿದ ಮೇಲೆ ಎದ್ದು ಕಾಡಸಿದ್ದಪ್ಪನ ಮುಂದೆ ನಿಂತ.

"ಅಜ್ಜಿ ಬುಟ್ಟುಬುಟ್ಳು. ನೀನೂ ಬುಟ್ಬುಡಣ್ಣ."

ಕಾಡಸಿದ್ದಪ್ಪ ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ. "ನೋಡು ಓಬಳೇಶ, ನಿನ್ ಹೆಂಡ್ತಿ ಬಂದಿದ್ರೆ ಆಯ್ತಮ್ಮ ಅಂತಿದ್ದೆ. ನಿಂಗೆ ಅನ್ನಾಕೆ ಬಾಯಿ ಬರ್ತಿಲ್ಲ. ಸುಮ್ನೆ ಬಾಯ್ಮಾತ್ಗೆ ಆಯ್ತು ಅನ್ಬೋದು. ಆದ್ರೆ ಆಗಿಲ್ಲ. ಡೈರಿಗೆ ಹೋದ್ರೆ ನಗ್ತಾರೆ. ಆಗಿಲ್ಲ, ಅಷ್ಟೇಯ."

"ಸರಿ" ಅಂದ ಓಬಳೇಶ.

ಮನೆಗೆ ಬಂದು ದ್ರಾಕ್ಷಿ ತೊಳೆದ, ನೆನೆಸಿದ, ಕುದಿಸಿದ. ಬಿಳೀ ಬಟ್ಟೆಯಲ್ಲಿ ಸೋಸಿದ. ಯಾವತ್ತೂ ಆಗದಷ್ಟು ಚೆನ್ನಾಗಿ ರಸ ಬಂತು.

ಭಾನುವಾರ ಬೆಳಗ್ಗೆ ಡಬರಿ ಹಿಡಿದು ನೀಲಿ ಬಾಗಿಲ ಮುಂದೆ ನಿಂತ. ಪಾಸ್ಟರು ಕಿರಣ್‌ಕುಮಾರ್ ವಾಡಿಕೆಯಂತೆ ನಗುಮುಖದಲ್ಲಿ ಕೇಳಿದರು. ಅವರು ಒಳಗೆ ಹೋಗುವುದಕ್ಕೆ ಆಗಲೇ ಅರ್ಧ ತಿರುಗಿದ್ದರು.

"ಐತೆ" ಅಂದ ಓಬಳೇಶ.

ಪಾಸ್ಟರು ನಿಂತರು. "ಏನಣ್ಣ?"

"ನನ್ ಮ್ಯಾಲೆ ಒಬ್ರಿಗೆ ಐತೆ. ನಿನ್ನೆ ಹೋಗಿ ತಪ್ಪಾಯ್ತು ಅಂತ ಕೇಳ್ದೆ. ಅವ್ರಿನ್ನೂ ಬುಟ್ಟಿಲ್ಲ."

ಚಾಪೆಯ ಮೇಲೆ ಕೂತವರೆಲ್ಲ ಕತ್ತು ತಿರುಗಿಸಿದರು. ಓದಿದ ಕಡೆ ಇಂಥದ್ದನ್ನು ಯಾರೂ ಪಾಸ್ಟರಿಗೆ ಹೇಳಿಕೊಟ್ಟಿರಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ಕೇಳಿದ್ದೀಯಲ್ಲಣ್ಣ, ನಿನ್ನ ಕೈಲಾದದ್ದು ಮಾಡಿದ್ದೀಯ. ಸಾಕು. ಅವರು ಬಿಡದಿದ್ರೆ ಅದು ಅವರ ಪಾಡು. ಇಲ್ಲ ಅನ್ನು, ಬಾ ಒಳಗೆ" ಅಂದರು.

ಓಬಳೇಶನಿಗೆ ರೇಗಿತು. "ಐತಾ ಅಂತ ಕೇಳ್ದೋರು ನೀವು. ಐತೆ ಅಂದೋನು ನಾನು. ಇಲ್ಲ ಅಂತ್ಲೇ ಅನ್ನಿಸ್ಬೇಕು ಅಂದಿದ್ರೆ ಯಾಕ್ ಕೇಳ್ತೀರ? ನನ್ ಹೆಂಡ್ತಿ ತಿಂಗ್ಳು ತಿಂಗ್ಳು ಊರೂರು ಅಲ್ದು ಬಂದು ಇಲ್ಲ ಅಂತಿದ್ಲು ಇಲ್ಲಿ. ಅದು ಇಲ್ಲ ಅನ್ನೋ ಮಾತು. ನಾನು ಇಷ್ಟು ತಿಂಗ್ಳು ಅಂದಿದ್ದು ಬರೀ ಸದ್ದು."

ಪಾಸ್ಟರು ಗಂಗಲಕ್ಷ್ಮಿಯ ಕಡೆ ನೋಡಿದರು. ಅವಳು ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದಳು. ಅವಳ ಕಣ್ಣಲ್ಲಿ ನೀರಿತ್ತು. ಓಬಳೇಶ ಡಬರಿ ಕೊಟ್ಟ. ಸೌಟಿನ ಗಂಟನ್ನೂ ಕೊಟ್ಟ.

"ನಿಂದೇ ಅಣ್ಣ ಇದು. ನಾನು ಇಟ್ಕಂಡಿರ್ತೀನಿ ಅಷ್ಟೇ."

"ಮೀನಿನ ಸೌಟು ಹಾಕ್ಬ್ಯಾಡ" ಅಂದ ಅವನು.

ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತ. ರೊಟ್ಟಿ ಬಂತು, ಮುಂದೆ ಹೋಯಿತು. ರಸ ಬಂತು, ಮುಂದೆ ಹೋಯಿತು. ಅವನು ಮುಟ್ಟಲಿಲ್ಲ. ಡಬರಿ ಕೊಟ್ಟ ಕೈಗಳು ತೊಡೆಯ ಮೇಲಿದ್ದವು. ಅವುಗಳಿಗೆ ಈಗ ಮಾಡುವುದಕ್ಕೆ ಏನೂ ಇರಲಿಲ್ಲ. ಹಾಡು ಬಂದಾಗ ಬಾಯಿ ಆಡಿಸಿದ.

ಸೋಮವಾರ ಕರೆಯದೆಯೇ ಕಾಡಸಿದ್ದಪ್ಪನ ಹೊಲಕ್ಕೆ ಹೋಗಿ ಮುಕ್ಕಾಲಿ ನಿಲ್ಲಿಸಿದ. ಕಬ್ಬಿಣದ ಕೊಕ್ಕೆ ಬೋರಿನೊಳಗೆ ಬಿಟ್ಟು, ಮೀನಿಗೆ ಗಾಳ ಹಾಕಿದವನ ಹಾಗೆ ಕೂತ. ಸಿಗುತ್ತಿತ್ತು, ಜಾರುತ್ತಿತ್ತು. ಬಾಯಿ ತೆರೆಯಲಿಲ್ಲ. ಎರಡನೇ ದಿನ ಸಂಜೆಗೆ ಮೋಟ್ರು ಮೇಲೆ ಬಂತು. ಆಳುಗಳಲ್ಲೊಬ್ಬ, "ಬೀಸೋಕಲ್ಲಿನ ಮೋಟ್ರು ಬಂತು ಕಣ್ರೋ" ಅಂದ.

"ಅವ್ರ ಹೆಸ್ರು ಕಾಡಸಿದ್ದಪ್ಪ" ಅಂದ ಓಬಳೇಶ.

"ಹೆಸ್ರಿಟ್ಟೋನು ನೀನೇ ಅಲ್ವೇನಣ್ಣ?"

"ಅದ್ಕೇ ಯೋಳ್ತಿರೋದು. ಕಾಡಸಿದ್ದಪ್ಪ."

ಅಲ್ಲಿಂದ ಆಚೆಗೆ ಅವನಿಗೆ ಅದೊಂದು ಕೆಲಸವಾಯಿತು. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಾವಗಡದ ಕಡೆ ವಳ್ಳೂರಿಗೆ ಕೆಲಸಕ್ಕೆ ಹೋಗುವ ಆಟೋದಲ್ಲಿ, ಯಾರಾದರೂ ಆ ಅಡ್ಡಹೆಸರು ಎತ್ತಿದರೆ ಮಾತಿನ ನಡುವೆ ನಿಲ್ಲಿಸಿ, ಕಾಡಸಿದ್ದಪ್ಪ ಅನ್ನುತ್ತಿದ್ದ. ಜನ ಮೊದಲು ಬೇಕೆಂತಲೇ ಅಂದು ರೇಗಿಸಿದರು. ಅವನು ಬೈಯಲಿಲ್ಲ, ತಿದ್ದಿದ. ಬೈಯದ ಓಬಳೇಶನನ್ನು ರೇಗಿಸುವುದರಲ್ಲಿ ಏನು ಮಜಾ? ನಿಧಾನವಾಗಿ ಬಿಟ್ಟರು. ಎಲ್ಲರೂ ಬಿಡಲಿಲ್ಲ. ಅವನ ಬಾಯಿ ಪೂರಾ ನೆಟ್ಟಗಾಯಿತು ಅಂತಲೂ ಅಲ್ಲ. ಶಿರಾ ಸಂತೆಯಲ್ಲಿ ಒಬ್ಬನಿಗೆ ಬೈದ. ಬೈದ ವಾರದಲ್ಲೇ ಅವನ ಅಂಗಡಿ ಹುಡುಕಿಕೊಂಡು ಹೋಗಿ ಬಂದ. ಅಂಗಡಿಯವನು ನಕ್ಕು, ಯಾವಾಗ ಬೈದಿದ್ರಿ ಅಂದನಂತೆ.

ಪ್ರತಿ ತಿಂಗಳೂ ಮೇಜಿಗೆ ಮುಂಚಿನ ಶನಿವಾರ ಅವನು ಕಾಡಸಿದ್ದಪ್ಪನ ಜಗುಲಿಯಲ್ಲಿ ಕೂರುತ್ತಾನೆ. ಹುಣಸೆಹಣ್ಣು ಮುಗಿದು ಹೊಂಗೆಕಾಯಿ ಒಡೆಯುವುದಾಯಿತು, ಹೊಂಗೆ ಮುಗಿದು ಬಿತ್ತನೆಗೆ ಕಡಲೆಕಾಯಿ ಸುಲಿಯುವುದಾಯಿತು. ಬಸವಮ್ಮ ತನಗೆ ತೋಚಿದ್ದನ್ನು ಹೇಳುತ್ತಾಳೆ, ಅವನು ಊಂ ಅನ್ನುತ್ತಾನೆ, ಅದು ಅವಳಿಗೆ ಕೇಳಿಸುವುದಿಲ್ಲ. ಸುವಾರ್ತಮ್ಮ ಅಲ್ಲಿ ಕೂತು ಏನು ಮಾತಾಡುತ್ತಿದ್ದಳೆಂದು ಮುದುಕಿ ಒಂದೊಂದು ಸಲ ಒಂದೊಂದು ತರ ಹೇಳುತ್ತಾಳೆ. ಯಾವುದು ನಿಜವೋ, ಅವನು ಕೇಳುವುದಿಲ್ಲ.

ಏಳುವ ಹೊತ್ತಿಗೆ ಬಾಗಿಲಲ್ಲಿ ನಿಂತ ಕಾಡಸಿದ್ದಪ್ಪನ ಕಡೆ ನೋಡುತ್ತಾನೆ.

"ಆಯ್ತೇನಣ್ಣ?"

ಕಾಡಸಿದ್ದಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಪ್ರತಿ ಸಲವೂ ತನ್ನೊಳಗೆ ಹುಡುಕಿ ನೋಡಿಕೊಂಡೇ ಹೇಳುತ್ತಾನೆ. ಈ ಶನಿವಾರ ಸ್ವಲ್ಪ ಜಾಸ್ತಿ ಹೊತ್ತು ಹುಡುಕಿದ.

"ಇನ್ನೂ ಇಲ್ಲ ಕಣೋ."

"ಸರಿ. ಮುಂದಿನ ತಿಂಗ್ಳು ಬರ್ತೀನಿ" ಅಂದು ಓಬಳೇಶ ಮಡಿಲಿನ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ಎದ್ದ.